ಕರಿ ಹೂಜಿ, ಬಣ್ಣದ ಚಮಚ

ಚಿಂಚೋಳಿಯಿಂದ ಹುಮನಾಬಾದ ಹಾದು ಮುಂದೆ ಹೋದರೆ ಬೀದರ್. ಅಲ್ಲಿನ ಕೆಲವು ಅಂಗಡಿಗಳಲ್ಲಿ ಅಚ್ಚಗಪ್ಪು ಹೂಜಿ, ಹೂದಾನಿ, ಪುಟ್ಟ ಪೆಟ್ಟಿಗೆಗಳು ಸಾಲಾಗಿ ಕೂತಿರುತ್ತವೆ. ಕಪ್ಪಿನ ಮೇಲೆ ಬೆಳ್ಳಿಯ ಬಳ್ಳಿ, ಬೆಳ್ಳಿಯ ಹೂವು. ಇವೇ ಬಿದ್ರಿ ಸಾಮಾನು. ಸೇಡಂ, ಚಿತ್ತಾಪುರದ ಕಡೆ ಎಷ್ಟೋ ಮನೆಗಳ ಷೋಕೇಸಿನಲ್ಲಿ ಒಂದಾದರೂ ಇರುತ್ತದೆ. ಸನ್ಮಾನದಲ್ಲಿ ಶಾಲು ಹೊದಿಸಿ ಕೈಗೆ ಕೊಡುವುದಕ್ಕೆ ಇದಕ್ಕಿಂತ ಹೊಂದುವ ಉಡುಗೊರೆ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ.

ಮನೆಯಲ್ಲಿದ್ದರೆ ದೊಡ್ಡವರನ್ನು ಕೇಳಿ ಕೆಳಗಿಳಿಸಿ. ಬೆಳ್ಳಿಯ ಗೆರೆಯ ಮೇಲೆ ಬೆರಳಾಡಿಸಿ ನೋಡಿ. ಉಬ್ಬಿಲ್ಲ, ತಗ್ಗೂ ಇಲ್ಲ. ಅಂದಮೇಲೆ ಬೆಳ್ಳಿಯನ್ನು ಮೇಲೆ ಅಂಟಿಸಿದ್ದಲ್ಲ. ಕಪ್ಪಾದರೂ ಬಳಿದ ಬಣ್ಣವಲ್ಲ, ಬಣ್ಣದ ಡಬ್ಬಿ ಆ ಕಡೆ ಸುಳಿದೇ ಇಲ್ಲ. "ಹಂಗಾರ ಕಪ್ಪು ಎಲ್ಲಿಂದ ಬಂತ್ರಿ ಸರ?" ಎಂದು ಕೇಳುತ್ತೀರಿ. ಸರಿಯಾದ ಕಡೆಗೇ ಕೈ ಹಾಕಿದಿರಿ.

ಹೂಜಿಯ ಮೈ ಬಹುಪಾಲು ಸತು. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಸತು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ತಾಮ್ರಕ್ಕೆ 1085 ಡಿಗ್ರಿ ಬೇಕು. ಅಷ್ಟು ಕಾಯಿಸಲು ಹೊರಟರೆ ಸತು 907 ಡಿಗ್ರಿಗೇ ಕುದಿದು ಆವಿಯಾಗತೊಡಗುತ್ತದೆ. ಹಾಗಾದರೆ ಎರಡೂ ಬೆರೆಯುವುದು ಹೇಗೆ? ಬಿಸಿನೀರಿನಲ್ಲಿ ಸಕ್ಕರೆ ಕರಗುವಂತೆ, ಕರಗಿದ ಸತುವಿನೊಳಗೆ ತಾಮ್ರ ಕರಗುತ್ತದೆ. ಚಹಾದಲ್ಲಿ ಸಕ್ಕರೆ ಬೆರೆಯಲು ಒಣ ಸಕ್ಕರೆಯೇ ಕರಗಿ ನೀರಾಗುವಷ್ಟು ಕಾಯಿಸಬೇಕೇ? ಇಲ್ಲವಲ್ಲ.

ಮಣ್ಣಿಗೆ ಹರಳೆಣ್ಣೆ, ರಾಳ ಸೇರಿಸಿ ಮಾಡಿದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಹೊರಬಂದ ಹೂಜಿ ಬೂದುಬಣ್ಣದ್ದು. ಅರದಿಂದ ಉಜ್ಜಿ ನಯ ಮಾಡಿ ಮೈಲುತುತ್ತದ ನೀರು ಸವರಿದರೆ ಅದರ ಮೈ ಕಪ್ಪಾಗುತ್ತದೆ. ಗೊಬ್ಬರದಂಗಡಿಯಲ್ಲಿ ಸಿಗುವ ಅದೇ ನೀಲಿ ಹರಳಿನ ಮೈಲುತುತ್ತ. ಶಾಲೆಯಲ್ಲಿ ಕಬ್ಬಿಣದ ಮೊಳೆಯನ್ನು ಅದರ ದ್ರಾವಣದಲ್ಲಿ ಅದ್ದಿ ತಾಮ್ರ ಕೂರುವುದನ್ನು ನೋಡಿರುತ್ತೀರಿ. ಇಲ್ಲಿ ಮೊಳೆಯ ಜಾಗದಲ್ಲಿ ಸತು ಇದೆ, ಅಷ್ಟೇ. ಈ ಕಪ್ಪು ತಾತ್ಕಾಲಿಕ. ಕಪ್ಪು ಹಲಗೆಯ ಮೇಲೆ ಬಳಪದ ಗೆರೆ ಕಾಣುವುದಿಲ್ಲವೇ? ಕೊರೆದ ಗೆರೆ ಕಣ್ಣಿಗೆ ಕಾಣಲೆಂದೇ ಈ ಉಪಾಯ.

ಮುಂದಿನದು ಕಣ್ಣಿಟ್ಟು ನೋಡಬೇಕಾದ ಕೆಲಸ. ಹೂಜಿ ಅಲುಗಾಡದಂತೆ ಮೇಣದಿಂದ ಕಲ್ಲಿಗೆ ಅಂಟಿಸಿಕೊಂಡು ಕುಶಲಕರ್ಮಿ ನೆಲದ ಮೇಲೆ ಕೂರುತ್ತಾರೆ. ಸಣ್ಣ ಉಳಿ, ಸಣ್ಣ ಸುತ್ತಿಗೆ. ಟಕ್ ಟಕ್ ಎಂದು ತಟ್ಟುತ್ತ ಹೋದ ಹಾಗೆ ಬಳ್ಳಿ ಬಾಗುತ್ತದೆ, ಎಲೆ ಮೂಡುತ್ತದೆ, ಸತುವಿನ ಚೂರುಗಳು ಬಾಯಿಂದ ಉಫ್ ಎಂದರೆ ಹಾರಿಹೋಗುತ್ತವೆ. ಕೊರೆದ ತೋಡಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಮೆಲ್ಲಗೆ ತಟ್ಟುತ್ತಾರೆ. ಶುದ್ಧ ಬೆಳ್ಳಿ ಮೆತ್ತಗಿರುವುದರಿಂದ ಪೆಟ್ಟಿಗೆ ಹರಡಿ ತೋಡಿನ ಗೋಡೆಗಳನ್ನು ಕಚ್ಚಿಕೊಳ್ಳುತ್ತದೆ. ಅಂಟು ಬೇಡ, ಬೆಸುಗೆಯೂ ಬೇಡ. ಆಮೇಲೆ ಇಡೀ ಹೂಜಿಯನ್ನು ಉಜ್ಜಿ ನುಣುಪು ಮಾಡಿದಾಗ ಮೊದಲಿನ ಕಪ್ಪು ಅಳಿಸಿಹೋಗುತ್ತದೆ. ಆಗ ನೋಡಬೇಕು ತಮಾಷೆ. ಬೆಳ್ಳಿಯೂ ಬಿಳುಪು, ಸತುವೂ ಬಿಳುಪು. ಅಷ್ಟು ದಿನ ಕೊರೆದ ಚಿತ್ತಾರವೇ ಸರಿಯಾಗಿ ಕಾಣುವುದಿಲ್ಲ!

ಅದನ್ನು ಕಾಣಿಸುವುದು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ. ಮೊದಲೆಲ್ಲ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಓಣಿಗೆ ಬಂದಾಗ ಬಿಳಿ ಹೊಗೆ ಏಳುತ್ತಿತ್ತಲ್ಲ, ಅದು ಈ ನವಸಾಗರದ್ದೇ. ನಿಮ್ಮ ಅಜ್ಜಿಯನ್ನು ಕೇಳಿದರೆ ಆ ವಾಸನೆಯನ್ನೂ ಹೇಳುತ್ತಾರೆ. ರಸಾಯನವಿಜ್ಞಾನದಲ್ಲಿ ಅದರ ಹೆಸರು ಅಮೋನಿಯಂ ಕ್ಲೋರೈಡ್. ಮಣ್ಣು ಮತ್ತು ನವಸಾಗರ ಕಲಸಿದ ನೀರನ್ನು ಬಿಸಿಯಾದ ಹೂಜಿಗೆ ಹಚ್ಚಿದಾಗ, ಮೇಲ್ಮೈಯ ಸತು ಕರಗಿ ಬಿಟ್ಟುಹೋಗುತ್ತದೆ, ತಾಮ್ರ ಉಳಿಯುತ್ತದೆ. ಉಳಿದ ತಾಮ್ರ ಆಮ್ಲಜನಕದೊಡನೆ ಕೂಡಿ ಬಹಳ ತೆಳುವಾದ ಕಪ್ಪು ಪದರವಾಗುತ್ತದೆ. ಹದಿನಾರು ಪಾಲಿನ ಎದುರು ಆ ಒಂದು ಪಾಲು ತಾಮ್ರ ಯಾಕೆ ಬೇಕಿತ್ತು ಎಂಬುದು ಈಗ ತಿಳಿಯಿತೇ?

ಬೆಳ್ಳಿಗೆ ಮಾತ್ರ ಏನೂ ಆಗುವುದಿಲ್ಲ. ಲೋಹಗಳ ಸ್ವಭಾವವೇ ಹಾಗೆ. ಸತು ತನ್ನ ಎಲೆಕ್ಟ್ರಾನುಗಳನ್ನು ಕೇಳಿದವರಿಗೆಲ್ಲ ಕೊಟ್ಟುಬಿಡುತ್ತದೆ, ಬೆಳ್ಳಿ ಜಪ್ಪಯ್ಯ ಎಂದರೂ ಸುಲಭಕ್ಕೆ ಬಿಡುವುದಿಲ್ಲ.

ಕೋಟೆಯ ಮಣ್ಣೆಂದರೆ ಎಲ್ಲ ಮಣ್ಣೂ ಅಲ್ಲ, ಬಿಸಿಲು ಮಳೆ ತಾಗದ ಹಳೆಯ ಮೂಲೆಗಳದ್ದು. ಮಳೆ ಬಿದ್ದಲ್ಲಿ ಮಣ್ಣಿನ ಲವಣ ತೊಳೆದುಹೋಗುತ್ತದೆ, ಆದ್ದರಿಂದ ಈ ಆಯ್ಕೆಯಲ್ಲಿ ಅರ್ಥವಿದೆ. ಅನುಭವಿಗಳು ಚಿಟಿಕೆ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ಹದ ತಿಳಿಯುತ್ತಾರೆ. ನೀವು ಹಾಗೆ ಮಾಡಬೇಡಿ. ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಬೀದರನ್ನು ರಾಜಧಾನಿ ಮಾಡಿಕೊಂಡ ಮೇಲೆ ಅಲ್ಲಿ ಬೆಳೆದ ಕಲೆ ಈ ಬಿದ್ರಿ. 2006ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಬೀದರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಇದೇ ಬೆಳ್ಳಿಯನ್ನು ಮಾಸ್ಕೋದವರು ಪೂರ್ತಿ ಬೇರೆ ರೀತಿ ಸಿಂಗರಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಒವ್ಚಿನ್ನಿಕೊವ್, ಖ್ಲೆಬ್ನಿಕೊವ್, ರ‍್ಯೂಕರ್ಟ್ ಇವರ ಕಾರ್ಖಾನೆಗಳು ಹೆಸರಾಗಿದ್ದವು. ಅವರ ಒಂದು ಚಮಚ ನೋಡಿದರೆ ನೀಲಿ, ಹಸಿರು, ಬಿಳಿ, ಕೆಂಪಿನ ಹೂತೋಟ. ಆ ಬಣ್ಣವೆಲ್ಲ ಗಾಜು. ಜೈಪುರದ ಒಡವೆಗಳಲ್ಲಿ ಕಾಣುವ ಮೀನಾ ಕೆಲಸದ ದೂರದ ನಂಟ ಎನ್ನಿ.

ಎರಡು ಸಣ್ಣ ಬೆಳ್ಳಿ ತಂತಿಗಳನ್ನು ಹುರಿ ಹೊಸೆದು, ಚಮಚದ ಹಿಂಬದಿಗೆ ಬೆಸೆದು, ಹೂವಿನೆಸಳಿನ ಆಕಾರದ ಪುಟ್ಟ ಪುಟ್ಟ ಮನೆಗಳನ್ನು ಕಟ್ಟುತ್ತಾರೆ. ಒಂದೊಂದು ಮನೆಗೂ ಒದ್ದೆ ಗಾಜಿನ ಪುಡಿ ತುಂಬಿ, ಒಣಗಿಸಿ, ಕಾದ ಕುಲುಮೆಯಲ್ಲಿ ಕೆಲವೇ ನಿಮಿಷ ಇಡುತ್ತಾರೆ. ಪುಡಿ ಕರಗಿ ಕುಗ್ಗುತ್ತದೆ, ಮತ್ತೆ ತುಂಬುತ್ತಾರೆ, ಮತ್ತೆ ಸುಡುತ್ತಾರೆ. ಗಾಜಿಗೆ ಕೋಬಾಲ್ಟ್ ಸೇರಿದರೆ ನೀಲಿ, ತಾಮ್ರ ಸೇರಿದರೆ ಹಸಿರು, ತವರದ ಆಕ್ಸೈಡ್ ಸೇರಿದರೆ ಹಾಲುಬಿಳುಪು. ಚಿನ್ನ ಸೇರಿದರೆ? ಹಳದಿಯಲ್ಲ, ಮಾಣಿಕ್ಯದಂಥ ಕೆಂಪು! ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾದಾಗ ಚಿನ್ನ ಬೆಳಕಿನೊಡನೆ ನಡೆದುಕೊಳ್ಳುವ ರೀತಿಯೇ ಬೇರೆ.

ಸಿಮೆಂಟ್ ಕಾರ್ಖಾನೆಯಿರುವ ಆದಿತ್ಯನಗರದ ಮಕ್ಕಳಿಗೆ ಕುಲುಮೆ ಹೊಸದಲ್ಲ. ಅಲ್ಲಿ ಸುಣ್ಣಕಲ್ಲು ಸಿಮೆಂಟಾಗುವ ತಿರುಗು ಕುಲುಮೆಯಲ್ಲಿ ಕಾವು 1450 ಡಿಗ್ರಿಯ ಹತ್ತಿರ ಹೋಗುತ್ತದೆ. ಆ ಕಾವಿನಲ್ಲಿ ಚಮಚ ನೀರಾಗಿ ಹರಿದೀತು, ಯಾಕೆಂದರೆ ಬೆಳ್ಳಿ 962 ಡಿಗ್ರಿಗೇ ಕರಗುತ್ತದೆ. ತಾಮ್ರ ಬೆರೆತ ಬೆಳ್ಳಿ ಇನ್ನೂ ಬೇಗ ಮೆತ್ತಗಾಗುತ್ತದೆ. ರಷ್ಯದ ಹಳೆಯ ಚಮಚಗಳ ಮೇಲೆ 84 ಎಂಬ ಮುದ್ರೆ ಇರುತ್ತದೆ: 96 ಪಾಲಿನಲ್ಲಿ 84 ಪಾಲು ಬೆಳ್ಳಿ ಎಂದು ಅರ್ಥ. ನೂರಕ್ಕೆ ಎಷ್ಟಾಯಿತು, ಲೆಕ್ಕ ಹಾಕಿ. ಉತ್ತರ 87.5 ಬರಬೇಕು, ಉಳಿದದ್ದು ಹೆಚ್ಚಾಗಿ ತಾಮ್ರ. ಹಾಗಾಗಿ ಗಾಜು ಕರಗಬೇಕು, ಬೆಳ್ಳಿ ಕರಗಬಾರದು. ಎರಡರ ನಡುವೆ ಇರುವ ಜಾಗ ಬಹಳ ಕಿರಿದು.

ಇನ್ನೊಂದು ತೊಡಕು ತಣಿಯುವಾಗ ಬರುತ್ತದೆ. ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಹಾಕುವುದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತು: ಕಾದಾಗ ಹಿಗ್ಗಿದ ಪಟ್ಟಿ ತಣಿದಾಗ ಕುಗ್ಗಿ ಗಾಲಿಯನ್ನು ಬಿಗಿಯುತ್ತದೆ. ಒಂದು ಮೀಟರ್ ಬೆಳ್ಳಿಯನ್ನು 100 ಡಿಗ್ರಿ ಹೆಚ್ಚು ಕಾಯಿಸಿದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಕಿಟಕಿಯ ಗಾಜು 1 ಮಿಲಿಮೀಟರಿನಷ್ಟೂ ಹಿಗ್ಗುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕಟ್ಟಿಹಾಕಿ ತಣಿಸಿದರೆ ಗಾಜು ಪಟಪಟ ಎದ್ದುಹೋಗುತ್ತದೆ. ಅದಕ್ಕೇ ಮಾಸ್ಕೋದವರ ಗಾಜು ಕಿಟಕಿಯ ಗಾಜಲ್ಲ. ಸೋಡಾ, ಪೊಟ್ಯಾಷ್, ಸೀಸದ ಆಕ್ಸೈಡ್ ಬೆರೆಸಿ, ಬೇಗ ಕರಗುವಂತೆಯೂ ಆದಷ್ಟು ಬೆಳ್ಳಿಗೆ ಹತ್ತಿರವಾಗಿ ಹಿಗ್ಗಿ ಕುಗ್ಗುವಂತೆಯೂ ಮಾಡಿದ ಗಾಜು.

ನನ್ನನ್ನು ಕೇಳಿದರೆ ಬೀದರಿನವರ ಜಾಣತನಕ್ಕೇ ಒಂದು ಅಂಕ ಹೆಚ್ಚು. ಮಾಸ್ಕೋದವರು ಬೆಳ್ಳಿಗೆ ಬಣ್ಣ ತಂದು ತೊಡಿಸಿದರು. ಇವರು ಬೆಳ್ಳಿಯನ್ನು ಮುಟ್ಟದೆ ಅದರ ಸುತ್ತಲಿನ ಲೋಹದ ಬಣ್ಣವನ್ನೇ ಬದಲಿಸಿದರು.

ಹಾಗಂತ ಬೆಳ್ಳಿ ಎಂದೂ ಕಪ್ಪಾಗುವುದಿಲ್ಲ ಎಂದುಕೊಳ್ಳಬೇಡಿ. ಕಾಲ್ಗೆಜ್ಜೆ ಮಂಕಾಗುವುದನ್ನು ಕಂಡಿದ್ದೀರಿ. ಗಾಳಿಯಲ್ಲಿರುವ ಗಂಧಕದ ಅನಿಲದೊಡನೆ ಬೆಳ್ಳಿ ಕೂಡಿದರೆ ಆಗುವುದು ಬೆಳ್ಳಿಯ ಸಲ್ಫೈಡ್, ಅದು ಕಪ್ಪು. ಬಿದ್ರಿ ಹೂಜಿಯ ಬಳ್ಳಿಯೂ ವರ್ಷಗಳು ಕಳೆದಂತೆ ಹೀಗೆ ಮಂಕಾಗುತ್ತದೆ. ಆಗ ಯಾರಾದರೂ ಹುಣಸೆಹಣ್ಣು ಹಿಡಿದು ತಿಕ್ಕಲು ಬಂದರೆ ತಡೆಯಿರಿ. ಹುಳಿಗೆ ಸತುವೆಂದರೆ ಬಲು ಪ್ರೀತಿ, ಕಪ್ಪು ಪದರ ಹಾಳಾಗುತ್ತದೆ. ಮೆತ್ತನೆಯ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.