ಹೆಣ್ಣು ಕರುವಿಗೆ ಸಂತೋಷ, ಹೆಣ್ಣು ಮಗುವಿಗೆ ಸ್ಕ್ಯಾನಿಂಗ್

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಮೇವು, ಖನಿಜ ಮಿಶ್ರಣ, ಕೆಚ್ಚಲು ಬಾವು ಇವುಗಳ ಬಗ್ಗೆ ಕೇಳಿದ್ದೀರಿ. ನನಗೆ ಕೊಟ್ಟಿರುವ ವಿಷಯ ಬೇರೆ. ಆದರೂ ಕೊಟ್ಟಿಗೆಯಿಂದಲೇ ಆರಂಭಿಸುತ್ತೇನೆ. ಈಗ ಲಿಂಗ ನಿರ್ಧರಿತ ವೀರ್ಯ ಬಂದಿದೆ. ಹತ್ತು ಕರು ಹುಟ್ಟಿದರೆ ಸುಮಾರು ಒಂಬತ್ತು ಹೆಣ್ಣಾಗುತ್ತವೆಂದು ವೈದ್ಯರು ಹೇಳುತ್ತಾರೆ. ನಾವು ಹೆಚ್ಚಿಗೆ ದುಡ್ಡು ಕೊಟ್ಟಾದರೂ ಅದನ್ನೇ ಹಾಕಿಸುತ್ತೇವೆ. ಹಸು ಹೆಣ್ಣು ಕರು ಹಾಕಿದರೆ ಗಿಣ್ಣು ಮಾಡಿ ನೆರೆಮನೆಗೆಲ್ಲ ಹಂಚುತ್ತೇವೆ. ಅದೇ ಮನೆಯ ಸೊಸೆ ಎರಡನೆಯ ಸಲ ಬಸುರಿಯಾದರೆ, ಕೊಟ್ಟಿಗೆಗೆ ಬೇಡಿಕೊಂಡ ಹೆಣ್ಣು ನಡುಮನೆಗೆ ಬೇಡವಾಗುತ್ತದೆ.

2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡು ಮಕ್ಕಳಿಗೆ 948 ಹೆಣ್ಣು ಮಕ್ಕಳು. 1991ರಲ್ಲಿ 960 ಇದ್ದರು. ಭ್ರೂಣ ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ ಆದದ್ದು 1994ರಲ್ಲಿ. ಕಾಯ್ದೆ ಬಂದ ಮೇಲೂ ಲೆಕ್ಕ ಇಳಿಯಿತು. ಏಕೆ ಎಂಬುದನ್ನು ಎರಡು ಘಟನೆಗಳಿಂದ ನೋಡೋಣ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮ್ಹೈಸಾಳ ನಮ್ಮ ಬೆಳಗಾವಿ ಜಿಲ್ಲೆಯ ಗಡಿಗೆ ಹತ್ತಿರದ ಊರು. 2017ರ ಮಾರ್ಚ್‌ನಲ್ಲಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಗರ್ಭಪಾತ ಮಾಡಿಸಿಕೊಂಡ ಹೆಣ್ಣುಮಗಳೊಬ್ಬಳು ಸತ್ತಳು. ಆಕೆಗೆ ಆಗಲೇ ಇಬ್ಬರು ಹೆಣ್ಣು ಮಕ್ಕಳಿದ್ದರು. ಪೊಲೀಸರು ತನಿಖೆಗೆ ಹೋದಾಗ ಹಳ್ಳದ ಬದಿಯಲ್ಲಿ ಹೂತಿದ್ದ 19 ಭ್ರೂಣಗಳು ಸಿಕ್ಕವು. ತನಿಖೆಯ ಎಳೆ ಗಡಿ ದಾಟಿ ನಮ್ಮ ಕಾಗವಾಡ, ವಿಜಯಪುರದ ಕಡೆಗೂ ಬಂತು, ಇಲ್ಲಿಯ ವೈದ್ಯರ ಬಂಧನವೂ ಆಯಿತು. ಪರೀಕ್ಷೆ ಒಂದು ರಾಜ್ಯದಲ್ಲಿ, ಗರ್ಭಪಾತ ಇನ್ನೊಂದು ರಾಜ್ಯದಲ್ಲಿ ಎಂಬುದು ಆ ದಂಧೆಯ ರೀತಿ.

ಎರಡನೆಯದು 2023ರದು. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಪ್ರಕರಣ ಮಂಡ್ಯದ ಒಂದು ಆಲೆಮನೆಗೆ ಹೋಗಿ ನಿಂತಿತು. ಬೆಲ್ಲ ಬೇಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ! ಹೆಣ್ಣೆಂದು ಗೊತ್ತಾದರೆ ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಮುಂದೆ ತನಿಖೆ ಸಿಐಡಿಗೆ ಹೋಯಿತು. ಇಲ್ಲಿಯೂ ಅಷ್ಟೇ, ಮೂರು ಜಿಲ್ಲೆಗಳ ನಡುವೆ ಕೆಲಸ ಹಂಚಿಹೋಗಿತ್ತು.

ಇದು ಆಕಸ್ಮಿಕವಲ್ಲ, ದಂಧೆ ಮಾಡುವವರ ಲೆಕ್ಕಾಚಾರ. ಒಂದು ಜಿಲ್ಲೆಯ ಆರೋಗ್ಯಾಧಿಕಾರಿಯ ಅಧಿಕಾರ ಆ ಜಿಲ್ಲೆಯ ಗಡಿಗೆ ಮುಗಿಯುತ್ತದೆ. ತನ್ನ ಊರಿನ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ಗೊತ್ತಾಗದಿರಲೆಂದು ಬಸುರಿಯನ್ನು ದೂರಕ್ಕೆ ಕರೆದೊಯ್ಯುತ್ತಾರೆ. ಅಲ್ಲಿಯವರಿಗೆ ಆಕೆ ಯಾರೋ ಪರಸ್ಥಳದವಳು, ಇಲ್ಲಿಯವರಿಗೆ 'ತವರಿಗೆ ಹೋಗಿದ್ದಾಳೆ'. ಎರಡೂ ಕಡೆಯವರು ಅರ್ಧರ್ಧ ಬಲ್ಲರು, ಪೂರ್ತಿ ಯಾರೂ ಅರಿಯರು.

ರಾಜಸ್ಥಾನದವರು ಇದಕ್ಕೆ ಒಂದು ದಾರಿ ಕಂಡುಕೊಂಡರು. 2011ರಲ್ಲಿ ಅಲ್ಲಿ ಸಾವಿರಕ್ಕೆ 888 ಹೆಣ್ಣು ಮಕ್ಕಳಿದ್ದರು, ನಮಗಿಂತ ಬಹಳ ಕಡಿಮೆ. ಅಲ್ಲಿಯ ಸರ್ಕಾರ ಇದಕ್ಕೆಂದೇ ತನಿಖಾ ದಳ ಮಾಡಿತು, ಸುಳಿವು ಕೊಟ್ಟವರಿಗೆ ಬಹುಮಾನವಿಟ್ಟಿತು. ದಳದವರು ಗುಜರಾತ್, ಹರಿಯಾಣ, ಉತ್ತರ ಪ್ರದೇಶಕ್ಕೂ ಹೋಗಿ ಅಲ್ಲಿಯವರ ಸಹಕಾರದಿಂದ ದಾಳಿ ಮಾಡಿದರು. ಗರ್ಭಿಣಿಯರೇ ಮುಂದೆ ಬಂದು ಗಿರಾಕಿಯಂತೆ ಹೋಗಿ ಹಿಡಿದುಕೊಟ್ಟರು. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಅಂಥ ಜಾಗಕ್ಕೆ ಹೋಗುವುದು ಎಂಥ ಧೈರ್ಯ! ನಮ್ಮ ನೆರೆಯ ಸತಾರಾದಲ್ಲಿ ವರ್ಷಾ ದೇಶಪಾಂಡೆ ಎಂಬ ವಕೀಲೆ ವರ್ಷಗಟ್ಟಲೆ ಇದೇ ಕೆಲಸ ಮಾಡಿದರು. 2025ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಜನಸಂಖ್ಯಾ ಪ್ರಶಸ್ತಿ ಬಂತು.

ಇದರಲ್ಲಿ ಡೈರಿಯ ಪಾತ್ರ ಏನು ಎಂದು ಕೇಳುವಿರಿ. ಕಾಲುಬಾಯಿ ಜ್ವರ ಬಂದಾಗ ಏನು ಮಾಡುತ್ತೇವೆ? ಒಂದು ಊರಿನಲ್ಲಿ ಕಾಣಿಸಿಕೊಂಡ ದಿನವೇ ಪಕ್ಕದ ಊರಿಗೆ ಹೇಳುತ್ತೇವೆ, ಸಂತೆ ನಿಲ್ಲಿಸುತ್ತೇವೆ, ಸುತ್ತಲೂ ಲಸಿಕೆ ಹಾಕಿಸುತ್ತೇವೆ. ಅದು ಬೇರೆ ಜಿಲ್ಲೆಯ ಊರೆಂದು ಸುಮ್ಮನಿರುವುದಿಲ್ಲ. 2013ರಲ್ಲಿ ರಾಜ್ಯದಲ್ಲಿ ಎಷ್ಟು ರಾಸು ಸತ್ತವೆಂಬುದು ಮರೆತಿಲ್ಲವಲ್ಲ. ದಿನಕ್ಕೆ ಎರಡು ಹೊತ್ತು ಊರಿನ ಹೆಂಗಸರು ಬಂದು ನಿಲ್ಲುವ ಜಾಗ ನಮ್ಮ ಡೈರಿ. ಯಾರು ಬಸುರಿ, ಯಾರು ನಾಲ್ಕು ದಿನ ಕಾಣಲಿಲ್ಲ, ಯಾರು ಮುಖ ಬಾಡಿಸಿಕೊಂಡು ಬಂದರು ಎಂಬುದು ಹಾಲು ಅಳೆಯುವವರ ಕಣ್ಣಿಗೆ ಬೀಳುತ್ತದೆ. ಗಡಿಯಾಚೆಯ ಊರಿನಲ್ಲೂ ಇಂಥದೇ ಒಂದು ಡೈರಿ ಇದೆ, ಅಲ್ಲೊಬ್ಬರು ಕಾರ್ಯದರ್ಶಿ ಇದ್ದಾರೆ. ಬೋರ್ಡಿಲ್ಲದ ಮನೆಗೆ ರಾತ್ರಿ ಹೊತ್ತು ಹೊರಗಿನ ಕಾರು ಬರುತ್ತಿದ್ದರೆ ಅವರಿಗೆ ಗೊತ್ತಾಗುತ್ತದೆ. ಇವರಿಬ್ಬರೂ ಮಾತಾಡಿಕೊಂಡರೆ ಅರ್ಧರ್ಧ ಸೇರಿ ಪೂರ್ತಿಯಾಗುತ್ತದೆ. ಹಾಗೆ ಸೇರಿದ ಸುದ್ದಿಯನ್ನು ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳ ಕಚೇರಿಗೆ ಒಟ್ಟಿಗೇ ಕೊಡಬೇಕು. ತುರ್ತಾದರೆ 112. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181.

ಆದರೆ ಒಂದು ಎಚ್ಚರಿಕೆ. ಎಲ್ಲ ಗರ್ಭಪಾತವೂ ಅಪರಾಧವಲ್ಲ. 1971ರ ಕಾಯ್ದೆ ಹಲವು ಕಾರಣಗಳಿಗೆ ಅದಕ್ಕೆ ಅವಕಾಶ ಕೊಟ್ಟಿದೆ. ಹೊಟ್ಟೆ ಕಳೆದುಕೊಂಡವಳನ್ನು ಸಾಲಿನಲ್ಲಿ ನಿಲ್ಲಿಸಿ ವಿಚಾರಿಸುವುದು ನಮ್ಮ ಕೆಲಸವಲ್ಲ, ಹಾಗೆ ಮಾಡಿದರೆ ಅದೂ ಒಂದು ಹಿಂಸೆಯೇ. ಲಿಂಗ ಪತ್ತೆ ಮಾಡಿಸಿದರೆ ಮೂರು ವರ್ಷದವರೆಗೆ ಸೆರೆ, ಐವತ್ತು ಸಾವಿರದವರೆಗೆ ದಂಡ. ಆದರೆ ಕಾನೂನು ಇದನ್ನು ಗಂಡನ ಅಥವಾ ನೆಂಟರ ಒತ್ತಾಯದಿಂದ ಆದದ್ದೆಂದೇ ಮೊದಲು ಭಾವಿಸುತ್ತದೆ, ಒತ್ತಾಯಕ್ಕೆ ಸಿಕ್ಕ ಹೆಣ್ಣಿಗೆ ಶಿಕ್ಷೆಯಿಲ್ಲ. ಅತ್ತೆಯಂದಿರೇ, ಗಂಡಸರೇ, ಈ ಮಾತನ್ನು ಸ್ವಲ್ಪ ಗಮನವಿಟ್ಟು ಕೇಳಿ.

2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಮದುವೆಯಾಗದ ಹುಡುಗರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆ ಓದಿ ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಹಾಗೆಂದು ಸೊಸೆ ಸಿಗಲಿ ಎಂಬ ಲೆಕ್ಕಕ್ಕೆ ಮಾತ್ರ ಹೆಣ್ಣು ಮಗು ಉಳಿಯಬೇಕೆಂದು ಹೇಳುವವಳು ನಾನಲ್ಲ. ಗಂಡು ಹೆಣ್ಣಿನ ಲೆಕ್ಕ ಸಮವಾಗಿದ್ದರೂ ಮ್ಹೈಸಾಳದಲ್ಲಿ ಸತ್ತ ಆ ತಾಯಿ ಬದುಕಬೇಕಾಗಿತ್ತು.

ಊಟಕ್ಕೆ ಹೊತ್ತಾಯಿತು. ಗಡಿ ತಾಲ್ಲೂಕಿನ ಸಂಘಗಳವರು ಮಾತ್ರ ಹತ್ತು ನಿಮಿಷ ಇಲ್ಲೇ ಕುಳಿತಿರಿ. ನಿಮ್ಮ ಎದುರು ಕಡೆಯ ಊರುಗಳ ಸಂಘಗಳು ಯಾವುವು, ಅಲ್ಲಿಯ ಕಾರ್ಯದರ್ಶಿಯ ಫೋನ್ ನಂಬರ್ ಯಾರ ಹತ್ತಿರ ಇದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳೋಣ. ಇಲ್ಲದ ನಂಬರುಗಳನ್ನು ವಿಸ್ತರಣಾಧಿಕಾರಿಗಳು ಮುಂದಿನ ಬಟವಾಡೆಯೊಳಗೆ ತರಿಸಿಕೊಡುವುದಾಗಿ ಒಪ್ಪಿದ್ದಾರೆ.