ಹಳೆಯ ಕಂಪ್ಯೂಟರಿಗೆ ನಮ್ಮ ಮಗ್ಗಿ



ಬೆಳಗಾವಿ ನಗರದಲ್ಲಾಗಲಿ, ಖಾನಾಪುರದ ಹಳ್ಳಿಗಳಲ್ಲಾಗಲಿ, ಪ್ರೋಗ್ರಾಂ ಬರೆಯಲು ಕಲಿಯಿರಿ ಎಂದರೆ ನೀವು ಕೊಡುವ ಮೊದಲ ಉತ್ತರ, "ಒಳ್ಳೆಯ ಕಂಪ್ಯೂಟರ್ ಇಲ್ಲ" ಎಂಬುದು. ಇದಕ್ಕೆ ಇಂದು ನಾನು ಒಂದು ಮರುಮಾತು ಹೇಳಬೇಕೆಂದಿದ್ದೇನೆ. ನಲವತ್ತು ವರ್ಷ ಹಳೆಯ ಮನೆ-ಕಂಪ್ಯೂಟರ್‌ಗಳಿಗೆ ಇಂದಿಗೂ ಹೊಸ ಪ್ರೋಗ್ರಾಂ ಬರೆದು ಅಂತರ್ಜಾಲದಲ್ಲಿ ಹಂಚುವವರು ಅನೇಕ ದೇಶಗಳಲ್ಲಿದ್ದಾರೆ. ನೀವೂ ಅವರಲ್ಲಿ ಒಬ್ಬರಾಗಬಹುದು.

ಈ ಯಂತ್ರಗಳು ನಮಗೆ ಪರಕೀಯವಲ್ಲ. 1984-85ರಲ್ಲಿ ಕೇಂದ್ರ ಸರಕಾರ 'ಕ್ಲಾಸ್' ಎಂಬ ಯೋಜನೆಯಡಿ ಶಾಲೆಗಳಿಗೆ ಕೊಟ್ಟದ್ದು ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್. ಅದರ 'ಬಿ' ಮಾದರಿಯ ಮೆಮೊರಿ ಕೇವಲ 32 ಕಿಲೋಬೈಟ್. 1982ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ 16 ಅಥವಾ 48 ಕಿಲೋಬೈಟ್. ಆ ದಶಕದಲ್ಲೇ ಪುಣೆಯ ಡೆಸಿಬೆಲ್ಸ್ ಕಂಪನಿ ಅದನ್ನು 'ಡಿಬಿ ಸ್ಪೆಕ್ಟ್ರಮ್' ಎಂಬ ಹೆಸರಿನಲ್ಲಿ ಮಾರಿತು. ಇಂದಿನ ಮೊಬೈಲಿನ ಒಂದು ಫೋಟೋ ಕೂಡ ಅಷ್ಟು ಜಾಗದಲ್ಲಿ ಹಿಡಿಯುವುದಿಲ್ಲ.

ಆ ಯಂತ್ರ ಇಂದು ನಿಮ್ಮ ಕೈಗೆ ಸಿಗಬೇಕಾಗಿಲ್ಲ. ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ 'ಎಮ್ಯುಲೇಟರ್' ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದು ಹಳೆಯ ಪಿ.ಸಿ.ಯಲ್ಲಿಯೂ ಮೊಬೈಲಿನಲ್ಲಿಯೂ ನಡೆಯುತ್ತದೆ. ಅಂದು ಕ್ಯಾಸೆಟ್ಟಿನಲ್ಲಿ ಉಳಿಸುತ್ತಿದ್ದ ಪ್ರೋಗ್ರಾಂ ಇಂದು ಒಂದು ಚಿಕ್ಕ ಫೈಲ್, ಅಷ್ಟೇ.

ಹಾಗಾದರೆ ಏನು ಬರೆಯುವುದು? ನಮ್ಮ ಭಾಗದ ಮಗು ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಕೇಳುತ್ತದೆ. ಮೂರೂ ಭಾಷೆಗಳ ಅಂಕಿಗಳಲ್ಲಿ ಮಗ್ಗಿ ತೋರಿಸುವ ಪ್ರೋಗ್ರಾಂ ಬರೆಯಿರಿ. ಈ ಯಂತ್ರಗಳಲ್ಲಿ ಒಂದು ಅಕ್ಷರವೆಂದರೆ 8 ಸಾಲು, 8 ಕಂಬದ ಚೌಕ. ಗ್ರಾಫ್ ಹಾಳೆಯಲ್ಲಿ ಅಂಕಿ ಬರೆದು, ತುಂಬಿದ ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ ಕೊಟ್ಟು ಸಾಲುಸಾಲಾಗಿ ಕೂಡಿಸಬೇಕು. ನಡುವಿನ ನಾಲ್ಕು ಮನೆ ತುಂಬಿದ್ದರೆ 60. ಎಂಟು ಸಾಲಿಗೆ ಎಂಟು ಸಂಖ್ಯೆ. ನಿಮ್ಮ ಅಂಕಿ ಸಿದ್ಧ.

ಸ್ಪೆಕ್ಟ್ರಮ್‌ನಲ್ಲಿ ಹೀಗೆ ನಾವೇ ರೂಪಿಸಬಹುದಾದ ಚೌಕಗಳು 21. ಕನ್ನಡದ 10, ಉರ್ದುವಿನ 10 ಅಂಕಿ ಸೇರಿ 20 ಹಿಡಿಯುತ್ತವೆ. ಬಿಬಿಸಿ ಮೈಕ್ರೋದಲ್ಲಿ ಸುಲಭವಾಗಿ ಸಿಗುವ ಚೌಕ 32, ಮರಾಠಿಯ ಹತ್ತೂ ಸೇರಿ 30 ಹಿಡಿಯುತ್ತವೆ. ಉರ್ದು ಬಲದಿಂದ ಎಡಕ್ಕೆ ಬರೆಯುವ ಭಾಷೆಯಾದರೂ ಸಂಖ್ಯೆಯನ್ನು ಎಡದಿಂದಲೇ ಬರೆಯುತ್ತೇವೆ, ಅಂಕಿಗಳು ಒಂದಕ್ಕೊಂದು ಕೂಡಿಕೊಳ್ಳುವುದೂ ಇಲ್ಲ. ಆದ್ದರಿಂದ ಕೆಲಸ ಹಗುರ. ಒಂದೇ ಎಚ್ಚರಿಕೆ: ಚಿಕ್ಕ ಚೌಕದಲ್ಲಿ ಉರ್ದುವಿನ ಐದು ಕನ್ನಡದ ಸೊನ್ನೆಯಂತೆ ಕಂಡೀತು. ಐದರ ಕೆಳಗಿನ ತಗ್ಗನ್ನು ಸ್ಪಷ್ಟವಾಗಿ ತೋರಿಸಿ.

ಬರೆದು ಮುಚ್ಚಿಟ್ಟರೆ ಅದು ನಿಮ್ಮೊಬ್ಬರ ಆಟಿಕೆ. ಹಂಚುವಾಗ ನಾಲ್ಕು ವಸ್ತು ಜೊತೆಗಿರಲಿ: ನಡೆಯುವ ಫೈಲ್, ಓದಬಲ್ಲ ಪ್ರೋಗ್ರಾಂ ಸಾಲುಗಳು, ಬಳಸುವ ವಿಧಾನದ ಹಾಳೆ, ನಿಮ್ಮ ಅನುಮತಿಯ ಮಾತು. ವಿಧಾನದ ಹಾಳೆ ಏಕೆ ಬೇಕು? ಬಿಬಿಸಿ ಮೈಕ್ರೋ ಚಾಲೂ ಆಗುವುದು ಮೋಡ್ 7ರಲ್ಲಿ. ಅಲ್ಲಿ ನಾವು ರೂಪಿಸಿದ ಅಂಕಿ ಕಾಣುವುದೇ ಇಲ್ಲ. ಈ ಒಂದು ಸಾಲು ಬರೆಯದಿದ್ದರೆ ದೂರದ ಬಳಕೆದಾರ ನಿಮ್ಮ ಶ್ರಮವೆಲ್ಲ ಹಾಳೆಂದು ಬಿಟ್ಟುಬಿಡುತ್ತಾನೆ. ಅನುಮತಿ ಏಕೆ ಬೇಕು? 1986ರಲ್ಲಿ ಸಿಂಕ್ಲೇರ್ ಕಂಪ್ಯೂಟರ್ ವ್ಯವಹಾರ ಕೊಂಡ ಆಮ್‌ಸ್ಟ್ರಾಡ್ ಕಂಪನಿ, ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡು, ಯಂತ್ರದ ಮೂಲ ತಂತ್ರಾಂಶವನ್ನು ಎಮ್ಯುಲೇಟರ್ ಜೊತೆ ಹಂಚಲು 1999ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಒಪ್ಪಿಗೆ ಸಾವಿರ ಸಂಶಯ ಕಳೆಯಿತು. ಪರರ ಆಟಗಳನ್ನು ನಮ್ಮದೆಂದು ಹಂಚಬಾರದು. ಅದು ಅಮಾನತ್. ನಮ್ಮದನ್ನು ಮಾತ್ರ ಧಾರಾಳವಾಗಿ ಕೊಡೋಣ.

ಹೀಗೆ ಕೊಟ್ಟವರು ಕನ್ನಡದಲ್ಲೇ ಇದ್ದಾರೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ 'ಬರಹ' ತಂತ್ರಾಂಶವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹಂಚಿದರು. ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಎಷ್ಟೋ ಮನೆಗಳಿಗೆ ಅದರಿಂದಲೇ ಸಾಧ್ಯವಾಯಿತು. ಒಬ್ಬರ ಕೆಲಸ ಹಂಚಿದ್ದರಿಂದ ಭಾಷೆಯ ಆಸ್ತಿಯಾಯಿತು.

ವಿದ್ಯಾರ್ಥಿ ಮಿತ್ರರೇ, ಗ್ರಾಫ್ ಹಾಳೆ, ಪೆನ್ಸಿಲ್ ನಿಮ್ಮ ಚೀಲದಲ್ಲಿವೆ. ಈ ರಜೆಯಲ್ಲಿ ಹತ್ತು ಅಂಕಿ ಬರೆದು ತನ್ನಿ. ಸದಸ್ಯ ಬಂಧುಗಳೇ, ಸಂಘದ ಒಂದು ಹಳೆಯ ಪಿ.ಸಿ.ಯನ್ನು ವಾರಕ್ಕೆ ಎರಡು ಗಂಟೆ ಇವರಿಗೆ ಬಿಟ್ಟುಕೊಡಿ. ಖಾನಾಪುರದ ಮಗು ಬರೆದ ಮಗ್ಗಿ ಪರದೇಶದ ಪರದೆಯ ಮೇಲೆ ಮೂಡಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.