ಹಸಿರು ಐಡಿಯಾಗೆ ಯಾವ ಸಾಲು?

ಚಾಕಣದಲ್ಲಿ ಗಾಡಿ ಫ್ಯಾಕ್ಟರಿಗಳ ನಡುವೆ ಬ್ಯಾಟರಿ ಕೋಡ್ ಬರೆಯೋ ನಮ್ಮವರು ಕೇಳೋದು ಒಂದೇ: "ಪರಿಸರಕ್ಕೆ ಒಳ್ಳೇದಾದ್ರೆ ಪೇಟೆಂಟ್ ಬೇಗ ಸಿಗುತ್ತಾ?"

ಬ್ರಿಟನ್ನಿನಲ್ಲಿ 2009ರಿಂದ ಗ್ರೀನ್ ಚಾನೆಲ್ ಇದೆ. ನಮ್ಮ ನಿಯಮಗಳಲ್ಲಿ ಹಸಿರಿಗೆ ಅಂಥ ಸಾಲಿಲ್ಲ. 2024ರ ತಿದ್ದುಪಡಿ, ಪರೀಕ್ಷೆಗೆ ಕೋರಿಕೆ ಸಲ್ಲಿಸೋ ಗಡುವನ್ನು 48 ತಿಂಗಳಿಂದ 31ಕ್ಕೆ ಇಳಿಸಿತು. ಅಂದ್ರೆ ಓಡಬೇಕಾದೋರು ನಾವು!

ಫಾರ್ಮ್ 18ಎ ಅನ್ನೋ ವೇಗದ ದಾರಿ ಇದೆ. ಅಲ್ಲಿ ಹೆಚ್ಚಾಗಿ ಕೇಳೋದು ಏನು ಕಂಡುಹಿಡಿದ್ರಿ ಅಂತಲ್ಲ, ನೀವು ಯಾರು ಅಂತ: ಸ್ಟಾರ್ಟಪ್ಪಾ, ಸಣ್ಣ ಉದ್ಯಮವಾ, ಮಹಿಳೆಯಾ? ಒಂಟಿಯಾಗಿ ಅರ್ಜಿ ಹಾಕಿರೋ ನನ್ನ ಗೆಳೆಯ ಇದ್ಯಾವುದೂ ಅಲ್ಲ. ಬ್ಯಾಟರಿ ಬಿಸಿ ತಗ್ಗಿಸೋ ಅವನ ಉಪಕರಣ ಸಾಮಾನ್ಯ ಸಾಲಲ್ಲೇ ನಿಂತಿದೆ.

ತಮಾಷೆ ನೋಡಿ, ಕೇಂದ್ರದ ಇಲಾಖೆಯೊಂದರ ಮುಖ್ಯಸ್ಥರು ಕೋರಿದ್ರೆ ಸರ್ಕಾರ ಇಡೀ ಕ್ಷೇತ್ರವನ್ನೇ ಈ ದಾರಿಗೆ ಅಧಿಸೂಚಿಸಬಹುದು. 2019ರಿಂದಲೇ ನಿಯಮದಲ್ಲಿದೆ. ಹೊಸ ಕಾಯ್ದೆ ಬೇಡ, ಒಂದು ಕೋರಿಕೆ ಪತ್ರ, ಒಂದು ಅಧಿಸೂಚನೆ.